ಹಳೇ ಆಡಿ ಟಿಟಿ ತಗೊಳ್ಳುವ ಮುಂಚೆ ಬಾನೆಟ್ ಮುಟ್ಟಿ ನೋಡಿ

[ದೃಶ್ಯ: ಬೆಳಗಿನ ಹೊತ್ತು. ಮುಚ್ಚಿದ ಬಾನೆಟ್ ಮೇಲೆ ಅಂಗೈ, ಹತ್ತಿರದಿಂದ.]

ಬಿಸಿ ಇದೆ.

ಮಾರುವವರು ನನಗೆ ಹತ್ತು ಗಂಟೆಗೆ ಬನ್ನಿ ಅಂದಿದ್ದರು. ನಾನು ಬೇಕಂತಲೇ ಎಂಟೂವರೆಗೆ ಬಂದು ನಿಂತಿದ್ದೇನೆ. ಅಷ್ಟರಲ್ಲೇ ಯಾರೋ ಕಾರನ್ನು ಸ್ಟಾರ್ಟ್ ಮಾಡಿ, ಒಂದು ರೌಂಡ್ ಹೊಡೆದು, ತಂದು ಅದೇ ಜಾಗದಲ್ಲಿ ನಿಲ್ಲಿಸಿದ್ದಾರೆ. ಕೇಳಿದರೆ, "ಸುಮ್ನೆ ಬ್ಯಾಟರಿ ಚಾರ್ಜ್ ಆಗಲಿ ಅಂತ ಸರ್" ಅಂದರು. ಇರಬಹುದು. ಆದರೆ ಈ ಕಾರಿನ ದೊಡ್ಡ ಕಾಯಿಲೆ ಬಾಯಿಬಿಡುವುದು ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ ಮೊದಲ ಸಲ ಸ್ಟಾರ್ಟ್ ಆದಾಗ, ಅದೂ ಎರಡು ಮೂರು ಸೆಕೆಂಡ್ ಮಾತ್ರ. ಆ ಸೆಕೆಂಡ್‌ಗಳು ಇವತ್ತಿಗೆ ಮುಗಿದವು. ಹಾಗಾಗಿ ನಾಳೆ ಮತ್ತೆ ಬರಬೇಕು. ಹೇಗೂ ಬಂದಾಗಿದೆ, ಉಳಿದದ್ದನ್ನೆಲ್ಲ ಇವತ್ತೇ ನೋಡಿಬಿಡೋಣ.

ನಮಸ್ಕಾರ. ಎರಡು ಬಾಗಿಲಿನ ಹಳೇ ಸ್ಪೋರ್ಟ್ಸ್ ಕಾರಿನ ಬಗ್ಗೆ ವಿಡಿಯೋ ಮಾಡಿ ಅಂತ ತುಂಬಾ ಜನ ಕೇಳಿದ್ದೀರಿ. ನಾನು ಆರಿಸಿಕೊಂಡಿದ್ದು ಆಡಿ ಟಿಟಿ, ಎರಡನೇ ತಲೆಮಾರಿನದು, ಅಂದರೆ 2006ರಿಂದ 2014ರವರೆಗೆ ಬಂದ ಮಾಡೆಲ್. ಯಾಕೆ ಇದೇ ಅಂದರೆ, ಹೊಸದಾಗಿದ್ದಾಗ 40 ಲಕ್ಷದ ಆಸುಪಾಸಿನಲ್ಲಿದ್ದ ಕಾರು ಈಗ ಒಂದು ಹೊಸ ಎಸ್‌ಯುವಿ ದುಡ್ಡಿಗೆ ಸಿಗುತ್ತದೆ, ಅದಕ್ಕೇ ಎಲ್ಲರ ಕಣ್ಣೂ ಇದರ ಮೇಲೆ. ಕಾರಿನ ರೇಟು ಇಳಿದಿದೆ, ನಿಜ. ಅದರ ಸ್ಪೇರ್ ಪಾರ್ಟ್ಸ್‌ಗೆ ಮಾತ್ರ ಆ ವಿಷಯ ಇನ್ನೂ ಗೊತ್ತಾಗಿಲ್ಲ. ಅವು ಈಗಲೂ 40 ಲಕ್ಷದ ಕಾರಿನ ಸ್ಪೇರ್‌ಗಳೇ.

ಮೊದಲು ಎಂಜಿನ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ನಮ್ಮಲ್ಲಿ ಹೆಚ್ಚಾಗಿ ಸಿಗುವುದು 2 ಲೀಟರ್ ಟರ್ಬೊ ಪೆಟ್ರೋಲ್. ಆದರೆ "2 ಲೀಟರ್ ಟರ್ಬೊ" ಅನ್ನುವ ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ಎಂಜಿನ್ ಇವೆ. 2010ರಲ್ಲಿ ಫೇಸ್‌ಲಿಫ್ಟ್ ಆಯಿತು, ಅಂದರೆ ಇದೇ ಮಾಡೆಲನ್ನು ಸ್ವಲ್ಪ ಬದಲಿಸಿ ತಂದರು. ಅದಕ್ಕಿಂತ ಮುಂಚಿನದು 200 ಹಾರ್ಸ್‌ಪವರ್, ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳ ತಪ್ಪದಂತೆ ಓಡಿಸುವ ಪಟ್ಟಿ ಇರುವುದು. ಆಮೇಲಿನದು 211 ಹಾರ್ಸ್‌ಪವರ್, ಟೈಮಿಂಗ್ ಚೈನ್ ಇರುವುದು. ಎರಡರ ಕಾಯಿಲೆಯೂ ಬೇರೆ.

[ದೃಶ್ಯ: ಅಂಗೈ ಮೇಲೆ ಒಂದು ಸಣ್ಣ ಕಬ್ಬಿಣದ ಬಟ್ಟಲು.]

ಇದನ್ನು ನೋಡಿ. ಟಾನಿಕ್ ಬಾಟಲಿಯ ಮುಚ್ಚಳದಷ್ಟಿದೆ ಅಲ್ವಾ? ಇದರ ಹೆಸರು ಕ್ಯಾಮ್ ಫಾಲೋವರ್. ಹಳೇ ಬೆಲ್ಟ್ ಎಂಜಿನ್‌ನಲ್ಲಿ ವಾಲ್ವ್ ತೆರೆಸುವ ದಂಡ ಕ್ಯಾಮ್‌ಶಾಫ್ಟ್‌ಗೂ ಹೈ ಪ್ರೆಶರ್ ಫ್ಯುಯೆಲ್ ಪಂಪಿಗೂ ಮಧ್ಯೆ ಇದು ಕೂತಿರುತ್ತದೆ. ಕ್ಯಾಮ್ ಸುತ್ತಿದ ಹಾಗೆಲ್ಲ ಇದರ ತಲೆ ಸವೆಯುತ್ತದೆ. ಮೊದಲು ಮೇಲಿನ ಕಪ್ಪು ಲೇಪ ಹೋಗಿ ಬೆಳ್ಳಗಾಗುತ್ತದೆ, ಆಮೇಲೆ ತೆಳ್ಳಗಾಗುತ್ತದೆ, ಕೊನೆಗೆ ನಡುವಿನಲ್ಲಿ ತೂತು ಬೀಳುತ್ತದೆ. ತೂತು ಬಿದ್ದ ಮೇಲೆ ಪಂಪಿನ ಕಡ್ಡಿ ನೇರವಾಗಿ ಕ್ಯಾಮ್‌ಶಾಫ್ಟನ್ನೇ ಕೊರೆಯುತ್ತದೆ. ಬಟ್ಟಲು ಅಗ್ಗ, ಕ್ಯಾಮ್‌ಶಾಫ್ಟ್ ಅಗ್ಗವಲ್ಲ. ಖುಷಿಯ ವಿಷಯ ಏನಂದರೆ ಪಂಪಿನ ಮೂರು ಬೋಲ್ಟ್ ಬಿಚ್ಚಿದರೆ ಇದು ಕಣ್ಣಿಗೆ ಸಿಗುತ್ತದೆ, ಕೆಲಸ ಗೊತ್ತಿರುವ ಮೆಕ್ಯಾನಿಕ್‌ಗೆ ಜಾಸ್ತಿ ಹೊತ್ತೇನೂ ಬೇಡ. ಬಿಚ್ಚಿ ನೋಡೋಕೆ ಓನರ್ ಒಪ್ಪಲಿಲ್ಲವಾ? ಹೊರಡಿ. ಬೆಲ್ಟ್ ಯಾವಾಗ ಬದಲಿಸಿದ್ದು ಅನ್ನುವುದಕ್ಕೆ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿಕೊಂಡು ರೇಟು ಮಾತಾಡಿ.

ಈಗ ಚೈನ್ ಇರುವುದು. ಇವತ್ತು ನಾನು ನೋಡೋಕೆ ಬಂದಿರುವುದೂ ಇದೇ, 2011ರ ಗಾಡಿ. ಚೈನ್ ಅಂದರೆ ಎಂಜಿನ್ ಇರುವವರೆಗೂ ಚಿಂತೆಯಿಲ್ಲ ಅಂತ ಸೇಲ್ಸ್‌ನವರು ಹೇಳುತ್ತಿದ್ದರು. ಚೈನ್ ಗಟ್ಟಿಯೇ, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಇದೆಯಲ್ಲ, ಎಡವಟ್ಟು ಅಲ್ಲಿದೆ. ಅದು ಆಯಿಲ್ ಪ್ರೆಶರ್‌ನಿಂದ ಕೆಲಸ ಮಾಡುತ್ತದೆ. ಎಂಜಿನ್ ಆಫ್ ಆದಾಗ ಪ್ರೆಶರ್ ಇರುವುದಿಲ್ಲ. ಆಗ ಹಿಂದೆ ಸರಿಯದಂತೆ ಹಿಡಿದಿಡೋಕೆ ಒಳಗೊಂದು ಹಲ್ಲಿನ ಕ್ಲಿಪ್ ಇದೆ. ಶುರುವಿನ ವರ್ಷಗಳ ಟೆನ್ಷನರ್‌ನಲ್ಲಿ ಈ ಕ್ಲಿಪ್ಪೇ ಕೈಕೊಡುತ್ತದೆ. ಚೈನ್ ಸಡಿಲವಾಗಿ, ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಆಯಿಲ್ ಮೇಲೆ ಬರುವವರೆಗೆ ಗರಗರ ಅಂತ ಸದ್ದು ಬರುತ್ತದೆ, ಒಂದು ಡಬ್ಬಿಯಲ್ಲಿ ನಟ್ಟು ಬೋಲ್ಟು ಹಾಕಿ ಅಲ್ಲಾಡಿಸಿದ ಹಾಗೆ. ಆಮೇಲೆ ಎಲ್ಲ ಸೈಲೆಂಟ್. ಯಾವತ್ತೋ ಒಂದು ದಿನ ಚೈನ್ ಹಲ್ಲು ಬಿಟ್ಟು ಹಾರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ ಕಥೆ ಮುಗಿಯುತ್ತದೆ. ಆಮೇಲೆ ಕಂಪನಿ ಟೆನ್ಷನರನ್ನು ಬದಲಿಸಿ ಬೇರೆ ವಿನ್ಯಾಸದ್ದು ಕೊಟ್ಟಿತು. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಹೊಸ ಟೆನ್ಷನರ್ ಹಾಕಿದ್ದೀರಾ, ಬಿಲ್ ಎಲ್ಲಿ?

ಬಾನೆಟ್ ಯಾಕೆ ಮುಟ್ಟಿದೆ ಅಂತ ಈಗ ಗೊತ್ತಾಯಿತಲ್ಲ.

ಇದೇ ಎಂಜಿನ್ ಆಯಿಲ್ ಕುಡಿಯುವುದರಲ್ಲೂ ಹೆಸರುವಾಸಿ, ಪಿಸ್ಟನ್ ರಿಂಗ್ ಅದಕ್ಕೆ ಕಾರಣ. ಡಿಕ್ಕಿಯಲ್ಲಿ ಅರ್ಧ ಖಾಲಿಯಾದ ಆಯಿಲ್ ಕ್ಯಾನ್ ಸಿಕ್ಕರೆ ಏನೂ ಕೇಳಬೇಕಿಲ್ಲ, ಉತ್ತರ ಸಿಕ್ಕಂತೆ. ಡೈರೆಕ್ಟ್ ಇಂಜೆಕ್ಷನ್, ಅಂದರೆ ಪೆಟ್ರೋಲ್ ನೇರವಾಗಿ ಸಿಲಿಂಡರ್ ಒಳಗೇ ಚಿಮ್ಮುವುದರಿಂದ ಇನ್‌ಟೇಕ್ ವಾಲ್ವ್ ಮೇಲೆ ಕಾರ್ಬನ್ ಕಟ್ಟುವುದೂ ಇದೆ, ಆದರೆ ಅದು ಕ್ಲೀನ್ ಮಾಡಿಸಿದರೆ ಹೋಗುವ ಸಮಸ್ಯೆ. ಇನ್ನು 3.2 ಲೀಟರ್ ವಿ6 ಯಾರಾದರೂ ತೋರಿಸಿದರೆ, ಸದ್ದು ಕೇಳಿ ಮರುಳಾಗುವ ಮುಂಚೆ ಒಂದು ವಿಷಯ ತಿಳಿದಿರಲಿ: ಅದರ ಟೈಮಿಂಗ್ ಚೈನ್ ಗೇರ್‌ಬಾಕ್ಸ್ ಕಡೆ ಇದೆ, ಚೈನ್ ಬದಲಿಸಬೇಕಂದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ನನಗೆ ಆ ಎಂಜಿನ್ ತುಂಬಾ ಇಷ್ಟ. ಬೇರೆಯವರ ಕಾರಿನಲ್ಲಿ.

[ದೃಶ್ಯ: ಟ್ರಾಫಿಕ್, ಕಾರಿನ ಒಳಗಿಂದ.]

ಟೆಸ್ಟ್ ಡ್ರೈವ್‌ಗೆ ಎಲ್ಲರೂ ಖಾಲಿ ರಸ್ತೆಗೆ ಕರೆದುಕೊಂಡು ಹೋಗುತ್ತಾರೆ. ನೀವು ಸಿಲ್ಕ್ ಬೋರ್ಡ್ ಟ್ರಾಫಿಕ್ ಕಡೆ ತಿರುಗಿಸಿ. ಇದರ ಆರು ಗೇರಿನ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಓಡುವಾಗ ಬೆಣ್ಣೆಯ ಹಾಗಿರುತ್ತದೆ, ಅದರ ಬಣ್ಣ ಬಯಲಾಗುವುದು ತೆವಳುವಾಗ. ಬ್ರೇಕ್ ಬಿಟ್ಟು ಸುಮ್ನೆ ಬಿಡಿ, ಕಾರು ತಾನೇ ಮೆಲ್ಲಗೆ ಮುಂದೆ ಹೋಗಬೇಕು. ನಡುಗಬಾರದು, ಒಂದರಿಂದ ಎರಡನೇ ಗೇರಿಗೆ ಜರ್ಕ್ ಹೊಡೆಯಬಾರದು. ರಿವರ್ಸ್‌ಗೆ ಹಾಕಿದ ಮೇಲೆ ಯೋಚನೆ ಮಾಡುತ್ತಾ ನಿಂತರೆ ಗೇರ್ ಬದಲಾವಣೆಯನ್ನು ನಿಯಂತ್ರಿಸುವ ಮೆಕಾಟ್ರಾನಿಕ್ಸ್ ಘಟಕದ ಮೇಲೆ ಅನುಮಾನ ಪಡಿ. ಈ ಗೇರ್‌ಬಾಕ್ಸ್ ಆಯಿಲ್, ಫಿಲ್ಟರ್ ಎರಡನ್ನೂ 60,000 ಕಿಲೋಮೀಟರ್‌ಗೊಮ್ಮೆ ಬದಲಿಸಬೇಕು. ಕ್ವಾಟ್ರೋ, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಾದರೆ ಹಿಂದಿನ ಚಕ್ರಗಳಿಗೆ ಶಕ್ತಿ ಕಳಿಸುವ ಹಾಲ್ಡೆಕ್ಸ್‌ಗೂ ಬೇರೆ ಆಯಿಲ್ ಇದೆ. ಅದು ಇದೆ ಅನ್ನುವುದೇ ಅರ್ಧ ಗ್ಯಾರೇಜ್‌ಗಳಿಗೆ ನೆನಪಿರುವುದಿಲ್ಲ.

ಈಗ ಬಾಡಿ. ಇಲ್ಲಿ ಒಂದು ಮಜಾ ಇದೆ.

[ದೃಶ್ಯ: ಫ್ರಿಜ್ ಮ್ಯಾಗ್ನೆಟ್ ಬಾನೆಟ್ ಮೇಲಿಂದ ಜಾರಿ ಕೆಳಗೆ ಬೀಳುತ್ತದೆ.]

ಹಳೇ ಕಾರು ನೋಡುವಾಗ ಮ್ಯಾಗ್ನೆಟ್ ಹಿಡಿದು ನೋಡು, ಅಂಟದಿದ್ದರೆ ಒಳಗೆ ಪುಟ್ಟಿ ಇದೆ ಅಂತ ನಮ್ಮ ಅಪ್ಪನ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಅದೇ ಲೆಕ್ಕದಲ್ಲಿ ಟಿಟಿ ಬಾನೆಟ್ ಮೇಲೆ ಮ್ಯಾಗ್ನೆಟ್ ಇಟ್ಟರೆ ಗಾಬರಿಯಾಗುತ್ತೀರಿ. ಅಂಟುವುದೇ ಇಲ್ಲ, ಯಾಕಂದರೆ ಅದು ಅಲ್ಯುಮಿನಿಯಂ. ಈ ಮಾಡೆಲ್ ಬಾಡಿಯ 69% ಅಲ್ಯುಮಿನಿಯಂ, ಉಳಿದ 31% ಉಕ್ಕು. ತೂಕ ಹಿಂದೆ ಮುಂದೆ ಸರಿಹೋಗಲಿ ಅಂತ ಬಾಗಿಲು, ಡಿಕ್ಕಿ ಮುಚ್ಚಳ, ಹಿಂದಿನ ನೆಲ ಇವನ್ನು ಉಕ್ಕಿನಲ್ಲಿ ಮಾಡಿದ್ದಾರೆ. ಹಾಗಾಗಿ ಮ್ಯಾಗ್ನೆಟ್ ಬಾಗಿಲಿಗೆ ಅಂಟಬೇಕು, ಬಾನೆಟ್‌ಗೆ ಅಂಟಬಾರದು. ಬಾಗಿಲಿಗೆ ಅಂಟಲಿಲ್ಲ ಅಂದರೆ ಪುಟ್ಟಿ. ಪೇಂಟ್ ದಪ್ಪ ಅಳೆಯುವ ಮೀಟರ್ ತರುವವರು ಅದು ಅಲ್ಯುಮಿನಿಯಂ ಮೇಲೂ ಅಳೆಯುತ್ತದಾ ಅಂತ ನೋಡಿಕೊಂಡು ತನ್ನಿ, ಅಗ್ಗದ ಮೀಟರ್‌ಗಳು ಉಕ್ಕಿನ ಮೇಲೆ ಮಾತ್ರ ಓದುತ್ತವೆ. ಇದು ಯಾಕೆ ಮುಖ್ಯ ಅಂದರೆ, ಅಲ್ಯುಮಿನಿಯಂ ಬಾಡಿಗೆ ಏಟು ಬಿದ್ದರೆ ಬೀದಿ ಬದಿಯ ಟಿಂಕರಿಂಗ್ ಅಂಗಡಿಯಲ್ಲಿ ಬಡಿದು ಸರಿ ಮಾಡುವುದು ಆಗದ ಮಾತು, ಅದಕ್ಕೆ ಬೇರೆಯೇ ವೆಲ್ಡಿಂಗ್, ಬೇರೆಯೇ ಅಂಟು ಬೇಕು.

ಬಾಗಿಲ ಹತ್ತಿರ ಇದ್ದೀವಲ್ಲ, ಹಿಡಿಕೆ ಎಳೆಯಿರಿ. ಗಾಜು ಬೆರಳಿನಷ್ಟು ಕೆಳಗೆ ಇಳಿಯಬೇಕು, ಬಾಗಿಲು ಮುಚ್ಚಿದಾಗ ಮತ್ತೆ ಮೇಲೆ ಹೋಗಿ ರಬ್ಬರ್ ಒಳಗೆ ಕೂರಬೇಕು. ಗಾಜಿಗೆ ಸುತ್ತ ಫ್ರೇಮ್ ಇಲ್ಲ, ಅದಕ್ಕೆ ಈ ಏರ್ಪಾಡು. ಇಳಿಯಲಿಲ್ಲ ಅಂದರೆ ಬಹುಮಟ್ಟಿಗೆ ಲಾಕ್ ಒಳಗಿನ ಮೈಕ್ರೋಸ್ವಿಚ್ ಹೋಗಿದೆ ಅಂತ. ಚಿಲ್ಲರೆ ವಿಷಯ ಅನ್ನಿಸುತ್ತದೆ, ಆದರೆ ಮಳೆಗಾಲದಲ್ಲಿ ಸೀಟು ಒದ್ದೆಯಾದಾಗ ಅನ್ನಿಸುವುದಿಲ್ಲ. ಹಿಂದಿನ ಸ್ಪಾಯ್ಲರ್ ತಾನಾಗೇ ಏಳುವುದು 120 ಕಿಲೋಮೀಟರ್ ವೇಗದಲ್ಲಿ, ನೀವು ಅದನ್ನು ನೋಡೋಕೆ ಅಷ್ಟು ಸ್ಪೀಡ್ ಹೋಗಬೇಡಿ, ಒಳಗೆ ಬಟನ್ ಇದೆ.

ಓಡಿದ್ದು 38,000 ಅಂತ ಮೀಟರ್ ತೋರಿಸುತ್ತಿದೆ. ಸರಿ. ಡ್ರೈವರ್ ಸೀಟಿನ ಹೊರಬದಿ, ನಮ್ಮಲ್ಲಿ ಅಂದರೆ ಬಲಗಡೆಯ ದಿಂಬು ನೋಡಿ. ಇಷ್ಟು ತಗ್ಗಿನ ಕಾರಿಗೆ ಇಳಿದು ಹತ್ತುವಾಗ ಪ್ರತಿ ಸಲ ಮೈ ಉಜ್ಜುವುದು ಅಲ್ಲೇ. ಇಲ್ಲಿ ಲೆದರ್ ಬಿರುಕು ಬಿಟ್ಟು, ಒಳಗಿನ ಫೋಮ್ ಚಪ್ಪಟೆಯಾಗಿ ಕುಸಿದಿದೆ. 38,000ಕ್ಕೆ ಇಷ್ಟೊಂದಾ? ಅಧಿಕೃತ ಸರ್ವಿಸ್ ಸೆಂಟರ್‌ಗೆ ಚಾಸಿ ನಂಬರ್ ಕೊಟ್ಟು ಹಳೇ ಸರ್ವಿಸ್ ದಾಖಲೆ ಕೇಳುವುದು ಇದಕ್ಕೇ.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸೀಟು, ಕಾರ್ಪೆಟ್ ಎಲ್ಲ ತೊಳೆಯುತ್ತಾರೆ, ಬೆಲ್ಟಿನ ಬುಡ ತೊಳೆಯುವುದು ಮರೆಯುತ್ತಾರೆ. ಅಲ್ಲಿ ಕೆಸರಿನ ಗೆರೆ ಇದ್ದರೆ ಆ ಕಾರು ನೀರಲ್ಲಿ ನಿಂತಿತ್ತು. 2015ರ ಚೆನ್ನೈ, 2018ರ ಕೇರಳ, 2022ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಬೆಳ್ಳಂದೂರು, ಸರ್ಜಾಪುರ ರಸ್ತೆ. ಆಗ ಮುಳುಗಿದ ದುಬಾರಿ ಕಾರುಗಳೆಲ್ಲ ಗುಜರಿಗೆ ಹೋದವು ಅಂದುಕೊಳ್ಳಬೇಡಿ.

ಟೈರು: ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂದರೆ 2018ರ 23ನೇ ವಾರ. ಮೇಲಿನ ಅಚ್ಚು ಸವೆಯದೆ ಚೆನ್ನಾಗಿ ಕಂಡರೂ ರಬ್ಬರ್ ಮುದಿಯಾಗಿರುತ್ತದೆ. ಕ್ವಾಟ್ರೋದಲ್ಲಿ ನಾಲ್ಕೂ ಒಂದೇ ಥರ ಇರಬೇಕು, ಎರಡು ಹೊಸದು ಎರಡು ಸವೆದದ್ದು ಹಾಕಿದರೆ ಹಾಲ್ಡೆಕ್ಸ್‌ಗೆ ಸುಮ್ನೆ ಕಷ್ಟ.

[ದೃಶ್ಯ: ಮೇಜಿನ ಮೇಲೆ ಕಾಗದಗಳು.]

ಕಾಗದಪತ್ರ. ಆರ್‌ಸಿ ಸ್ಮಾರ್ಟ್ ಕಾರ್ಡ್ ಒಂದನ್ನೇ ನಂಬಬೇಡಿ, ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್, ಅಂದರೆ ನೋಂದಣಿ ದಾಖಲೆಯ ಪ್ರತಿ ತೆಗೆಸಿ. ಎಷ್ಟನೇ ಓನರ್, ಲೋನ್ ಬಾಕಿ ಇದೆಯಾ, ಎಲ್ಲ ಅದರಲ್ಲಿ ಬರುತ್ತದೆ. ಲೋನ್ ಇದ್ದರೆ ಅದು ತೀರಿದೆ ಅನ್ನುವ ಬ್ಯಾಂಕಿನ ಪತ್ರದ ಜೊತೆ ಫಾರಂ 35, ವರ್ಗಾವಣೆಗೆ 29 ಮತ್ತು 30. ಬೆಂಗಳೂರಿನಲ್ಲಿ ಓಡಿದ ಇಂಥ ಕಾರಿನ ಮೇಲೆ ಟ್ರಾಫಿಕ್ ದಂಡ ಬಾಕಿ ಇಲ್ಲದಿದ್ದರೆ ನನಗೇ ಆಶ್ಚರ್ಯ.

ಇನ್ನೊಂದು, ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. 2011ರ ಗಾಡಿಗೆ ಅದು 2026ರಲ್ಲಿ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ತೋರಿಸಿ 5 ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಸಾಮಾನ್ಯ ಕಾರಿಗೆ ಇದರ ಫೀಸು 5,000 ರೂಪಾಯಿ, ಆಮದು ಕಾರಿಗೆ 40,000. ಟಿಟಿ ಹೊರಗಿಂದ ಬಂದ ಕಾರು, ಹಾಗಾಗಿ ನಿಮ್ಮ ಗಾಡಿ ದಾಖಲೆಯಲ್ಲಿ ಯಾವ ಲೆಕ್ಕಕ್ಕೆ ಸೇರಿದೆ ಅಂತ ಮೊದಲೇ ಕೇಳಿಕೊಳ್ಳಿ. ಅಗ್ಗ ಅಂತ ದೆಹಲಿ ಗಾಡಿ ತರುವವರಿಗೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಜೊತೆಗೆ ನಮ್ಮ ಲೈಫ್ ಟೈಮ್ ಟ್ಯಾಕ್ಸ್ ಇದೆ. 20 ಲಕ್ಷ ಮೀರಿದ ಹೊಸ ಕಾರಿಗೆ ಕರ್ನಾಟಕದಲ್ಲಿ 18%, ಮೇಲೆ ಸೆಸ್. ಹಳೇ ಕಾರಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ರೇಟಿನಿಂದ ಅಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯಿಂದ. ದೆಹಲಿಯಲ್ಲಿ ಉಳಿಸಿದ ದುಡ್ಡು ಇಲ್ಲಿ ಕಟ್ಟಬೇಕಾಗಬಹುದು.

[ದೃಶ್ಯ: ಮರುದಿನ. ಬೆಳಗ್ಗೆ 6.40. ಬಾನೆಟ್ ಮೇಲೆ ಇಬ್ಬನಿ.]

ಇಬ್ಬನಿ ಇದೆ, ಅಂದರೆ ಯಾರೂ ಮುಟ್ಟಿಲ್ಲ. ನಿನ್ನೆ ಹೊರಡುವಾಗ ಕೈಮುಗಿದು ಕೇಳಿಕೊಂಡಿದ್ದೆ, ಪುಣ್ಯಾತ್ಮರು ಮಾತು ಉಳಿಸಿಕೊಂಡಿದ್ದಾರೆ. ಕಿಟಕಿ ಇಳಿಸಿದ್ದೇನೆ, ಎಸಿ, ಸ್ಟೀರಿಯೋ ಎಲ್ಲ ಆಫ್. ಕೀ ತಿರುಗಿಸುತ್ತೇನೆ, ಹೆಡ್‌ಫೋನ್ ಹಾಕಿಕೊಂಡಿದ್ದರೆ ಸೌಂಡ್ ಜಾಸ್ತಿ ಮಾಡಿಕೊಳ್ಳಿ.

[ಎಂಜಿನ್ ಸದ್ದು. ಮೂರು ಸೆಕೆಂಡ್ ಗರಗರ. ಆಮೇಲೆ ಸ್ತಬ್ಧ.]

ಕೇಳಿಸಿತಾ? ಇನ್ನೊಂದು ಸಲ ನಿಧಾನವಾಗಿ ಹಾಕುತ್ತೇನೆ.

[ಅದೇ ಸದ್ದು, ನಿಧಾನಗತಿಯಲ್ಲಿ.]

ನಾನು ಓನರ್ ಮುಖ ನೋಡಿದೆ. ಅವರು ನಕ್ಕರು. "ಸ್ಪೋರ್ಟ್ಸ್ ಕಾರ್ ಅಲ್ವಾ ಸರ್, ಸ್ವಲ್ಪ ಸೌಂಡ್ ಇದ್ದೇ ಇರುತ್ತೆ."