ಸೇವಂತಿಗೆ ತಳಿಗಾರರ ಗಾಜಿನ ಮನೆಯಲ್ಲಿ ಅಲಂಕಾರದವರು ನೋಡಬೇಕಾದದ್ದು

ಎಲ್ಲರಿಗೂ ನಮಸ್ಕಾರ. ಇಲ್ಲಿ ಸೇರಿರುವವರಲ್ಲಿ ಹೆಚ್ಚಿನವರು ಮಂಟಪ, ವೇದಿಕೆಗಳ ಹೂವಿನ ಅಲಂಕಾರ ಮಾಡುವವರು. ನೆದರ್‌ಲೆಂಡ್ಸ್‌ಗೆ ಹೋದವರು ಆಲ್ಸ್‌ಮೇರ್ ಹೂ ಹರಾಜು ನೋಡಿಕೊಂಡು ಬರುವುದು ವಾಡಿಕೆ. ಸಾಧ್ಯವಾದರೆ ಒಂದು ದಿನ ಸೇವಂತಿಗೆ ತಳಿ ಮಾಡುವವರ ಬಳಿಗೂ ಹೋಗಿ. ಮಾಸ್‌ಡೈಕ್‌ನ ಡೆಲಿಫ್ಲೋರ್, ಹೆನ್ಸ್‌ಬ್ರೂಕ್‌ನ ಡೆಕ್ಕರ್ ಕಂಪನಿಗಳ ಕಸುಬೇ ಇದು. ಆದರೆ ಅಲ್ಲಿ ಬಣ್ಣ ನೋಡುತ್ತಾ ನಿಂತರೆ ಹೋದದ್ದು ದಂಡ. ಬಣ್ಣ ಫೋಟೋದಲ್ಲೂ ಕಾಣುತ್ತದೆ. ನೋಡಬೇಕಾದದ್ದು ಎಲೆ, ಕವಲು ಮತ್ತು ಹೂವಿನ ನಡುವಿನ ಕಣ್ಣು.

ಬಾಗಿಲಲ್ಲೇ ಮೇಲಂಗಿ ತೊಡಿಸಿ ಶೂಗೆ ಕವರ್ ಹಾಕಿಸುತ್ತಾರೆ. ಅತಿ ಮಾಡುತ್ತಾರೆ ಎಂದುಕೊಳ್ಳಬೇಡಿ. ಬಿಳಿ ತುಕ್ಕು ರೋಗ ಒಂದು ಶಿಲೀಂಧ್ರದಿಂದ ಬರುತ್ತದೆ: ಎಲೆಯ ಮೇಲೆ ತಿಳಿ ಹಳದಿ ಚುಕ್ಕೆ, ಎಲೆ ತಿರುಗಿಸಿದರೆ ಅಡಿಯಲ್ಲಿ ಬಿಳಿ-ಗುಲಾಬಿ ಗುಳ್ಳೆ. ಒಂದು ಗಿಡಕ್ಕೆ ತಗುಲಿದರೆ ಇಡೀ ತಾಯಿಗಿಡಗಳ ಸಂಗ್ರಹಕ್ಕೇ ಅಪಾಯ. ಹಿಂದಿನ ದಿನ ಬೇರೆ ಸೇವಂತಿಗೆ ತೋಟಕ್ಕೆ ಹೋಗಿದ್ದ ಬಟ್ಟೆಯಲ್ಲೇ ಹೋಗಬೇಡಿ. ಕುಡಿ ಚಿವುಟಿ ಜೇಬಿಗೆ ಹಾಕಿಕೊಳ್ಳುವ ಆಸೆಯೂ ಬೇಡ. ಒಂದು ಕುಡಿ ಸಿಕ್ಕರೆ ಇಡೀ ತಳಿಯೇ ಸಿಕ್ಕಂತೆ, ಅದಕ್ಕೇ ಅವರ ಕಣ್ಣು ನಿಮ್ಮ ಕೈ ಮೇಲಿರುತ್ತದೆ.

ಸಂಕರಣ ಮಾಡುವ ಮೇಜಿನ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಸೇವಂತಿಗೆಯಲ್ಲಿ ನಾವು ಒಂದು ಹೂ ಎನ್ನುವುದು ನಿಜಕ್ಕೂ ಪುಟ್ಟ ಹೂಗಳ ದೊಡ್ಡ ಗುಂಪು. ಸುತ್ತಲಿನ ಒಂದೊಂದು ಎಸಳೂ ಒಂದೊಂದು ಹೆಣ್ಣು ಹೂ. ನಡುವಿನ ಕೊಳವೆ ಹೂಗಳಲ್ಲಿ ಹೆಣ್ಣು ಗಂಡು ಎರಡೂ ಇವೆ. ತಾಯಿ ಹೂವಿನ ಎಸಳುಗಳನ್ನು ಕತ್ತರಿಯಿಂದ ಗಿಡ್ಡ ಮಾಡಿದರೆ ಶಲಾಕೆಯ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿಯ, ಕವಲೊಡೆದ ತುದಿ ಹೊರಗೆ ಕಾಣುತ್ತದೆ. ಅದಕ್ಕೆ ತಂದೆ ಗಿಡದ ಪರಾಗವನ್ನು ಬ್ರಷ್‌ನಿಂದ ಸವರಿ, ಹೂವಿಗೆ ಚೀಲ ಕಟ್ಟುತ್ತಾರೆ. ಸೇವಂತಿಗೆ ತನ್ನದೇ ಪರಾಗವನ್ನು ಸಾಮಾನ್ಯವಾಗಿ ಒಪ್ಪದು, ಹಾಗಾಗಿ ಕೇಸರ ಕೀಳುವ ಗೋಜು ಕಡಿಮೆ. 6–8 ವಾರದಲ್ಲಿ ಬೀಜ ಬಲಿಯುತ್ತದೆ. ಗುಣಗಳನ್ನು ಹೊತ್ತ ಕ್ರೋಮೋಸೋಮುಗಳ ಗುಂಪು ಇದರಲ್ಲಿ ಆರು, ಒಟ್ಟು 54 ಕ್ರೋಮೋಸೋಮು. ಹೀಗಾಗಿ ಒಂದೇ ಹೂವಿನ ಬೀಜಗಳಲ್ಲಿ ಒಂದರಂತೆ ಇನ್ನೊಂದು ಹುಟ್ಟುವುದಿಲ್ಲ. ಸಾವಿರಾರು ಸಸಿಗಳಲ್ಲಿ ಉಳಿಯುವುದು ಬೆರಳೆಣಿಕೆಯಷ್ಟು. ಉಳಿದದ್ದನ್ನು ಮುಂದೆ ಕುಡಿಯಿಂದಲೇ ಬೆಳೆಸುತ್ತಾರೆ.

ಒಂದೇ ಆಕಾರದ ಹೂ ಬಿಳಿ, ಹಳದಿ, ಗುಲಾಬಿ, ತಾಮ್ರದ ಬಣ್ಣಗಳಲ್ಲಿ ಸಿಗುವುದು ಕಂಡಿದ್ದೀರಿ. ಇದಕ್ಕೆ ಪ್ರತಿ ಸಲವೂ ಹೊಸ ಸಂಕರಣ ಬೇಕಿಲ್ಲ. ಬಿಳಿ ಸೇವಂತಿಗೆಯ ಎಸಳಿನಲ್ಲಿ ಕೆರೋಟಿನಾಯ್ಡ್ ಎಂಬ ಹಳದಿ ಬಣ್ಣದ್ರವ್ಯ ತಯಾರಾಗುತ್ತಲೇ ಇರುತ್ತದೆ. ಒಂದು ಕಿಣ್ವ ಅದನ್ನು ಒಡೆದುಹಾಕುವುದರಿಂದ ಎಸಳು ಬಿಳಿಯಾಗಿ ಕಾಣುತ್ತದೆ. ಆ ಕಿಣ್ವ ಕೈಕೊಟ್ಟರೆ ಹೂ ಹಳದಿ. ಹಳದಿಯ ಮೇಲೆ ಆಂಥೋಸಯನಿನ್ ಎಂಬ ಕೆಂಪು-ಗುಲಾಬಿ ಬಣ್ಣದ್ರವ್ಯ ಕೂತರೆ ತಾಮ್ರ. ಇಂಥ ಬದಲಾವಣೆ ತಾನಾಗಿಯೂ ಆಗುತ್ತದೆ, ವಿಕಿರಣ ಹಾಯಿಸಿಯೂ ಮಾಡುತ್ತಾರೆ. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆ ಗಾಮಾ ಕಿರಣದಿಂದ ಹಲವು ಬಣ್ಣ ಪಡೆದಿದೆ. ಆದರೆ ಬದಲಾವಣೆ ಕುಡಿಯ ಎಲ್ಲ ಪದರಕ್ಕೂ ಹಬ್ಬದಿದ್ದರೆ ಮುಂದೆ ಅರ್ಧ ಹೂ ಹಳದಿ, ಅರ್ಧ ಬಿಳಿ ಅರಳುತ್ತದೆ. ಒಂದೇ ಬಂಚಿನಲ್ಲಿ ಇಂಥದ್ದು ಕಂಡರೆ ಬಣ್ಣ ಹಾಕಿದ್ದಾರೆ ಎಂದು ಮಾರಿದವರ ಜೊತೆ ಜಗಳಕ್ಕೆ ನಿಲ್ಲಬೇಡಿ.

ಈಗ ಪ್ರಯೋಗದ ಸಾಲುಗಳಿಗೆ ಬನ್ನಿ. ಕಣ್ಣು ಕಾಣುವ ಹೂಗಳಲ್ಲಿ ನಡುವಿನ ಬಟ್ಟಲು ಹಸಿರಾಗಿದ್ದರೆ ಹೂ ಎಳೆಯದು. ಕೊಳವೆ ಹೂಗಳು ಅಂಚಿನಿಂದ ಒಳಗೆ ಸುತ್ತು ಸುತ್ತಾಗಿ ಅರಳುತ್ತವೆ, ಆಮೇಲೆ ಹಳದಿ ಪುಡಿ ಬಿಳಿ ಮೇಜುಬಟ್ಟೆಯ ಮೇಲೆ ಉದುರುತ್ತದೆ. ಹಸಿರು ಎಷ್ಟು ದಿನ ನಿಲ್ಲುತ್ತದೆ ಎಂದು ಕೇಳಿ. ಒಂದೇ ಕಡ್ಡಿಯಲ್ಲಿ ಹಲವು ಹೂ ಬಿಡುವ ಸ್ಪ್ರೇ ಜಾತಿಯಲ್ಲಿ ಪಕ್ಕದ ಕವಲು ಉದ್ದವಾಗಿ ಬಿಡಿಸಿಕೊಂಡಿದ್ದರೆ ಒಂದೇ ಕಡ್ಡಿಯನ್ನು ನಾಲ್ಕೈದು ತುಂಡು ಮಾಡಿ ಫೋಮ್‌ಗೆ ಚುಚ್ಚಬಹುದು, ಗಿಡ್ಡವಾಗಿದ್ದರೆ ದುಡ್ಡು ದಂಡ. ಗುಲಾಬಿ ಬಣ್ಣವಿದ್ದರೆ ಬೇಸಿಗೆಯ ಸೆಕೆಯಲ್ಲಿ ಬೆಳೆದ ಹೂ ತೋರಿಸಿ ಎನ್ನಿ. ಶಾಖಕ್ಕೆ ಆಂಥೋಸಯನಿನ್ ಕಡಿಮೆಯಾಗಿ ಬಣ್ಣ ಮಂಕಾಗುತ್ತದೆ.

ಬಾಳಿಕೆ ಪರೀಕ್ಷೆಯ ಕೋಣೆಯಲ್ಲಿ ಸಾಮಾನ್ಯವಾಗಿ 20 ಡಿಗ್ರಿ ಶಾಖ, ಶೇ 60 ಆರ್ದ್ರತೆ, ದಿನಕ್ಕೆ 12 ಗಂಟೆ ಬೆಳಕು. ನಮ್ಮ ಕಲ್ಯಾಣ ಮಂಟಪ ಎಲ್ಲಿ, ಇದೆಲ್ಲಿ! ಅಲ್ಲಿ ಹೇಳುವ ದಿನಗಳ ಲೆಕ್ಕವನ್ನು ಹಾಗೇ ತಂದು ಗಿರಾಕಿಗೆ ಹೇಳಬೇಡಿ. ಹೂ ಚೆನ್ನಾಗಿರುವಾಗಲೇ ಎಲೆ ಹಳದಿಯಾಗಿದೆಯೇ ನೋಡಿ, ಸೇವಂತಿಗೆ ಸೋಲುವುದು ಹೆಚ್ಚಾಗಿ ಅಲ್ಲೇ. ಎಲೆ ಬೇಗ ಬಾಡಿದರೆ ಕಾರಣ ಬೇರೆ: ಕಡ್ಡಿ ಒಣಗಿದ್ದಾಗ ಕತ್ತರಿಸಿದ ತುದಿಯಿಂದ ಗಾಳಿ ಒಳಹೊಕ್ಕು ನೀರಿನ ನಾಳ ಕಟ್ಟಿರುತ್ತದೆ. ಬುಡದ ಮರದಂಥ ಭಾಗ ತೆಗೆದು, ಮೇಲೆ ಮತ್ತೆ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ತೊಳೆದ ಬಕೆಟ್ಟಿನಲ್ಲಿ ನಿಲ್ಲಿಸಿ.

ಕೊನೆಯದಾಗಿ, ಪ್ರತಿ ತಳಿಗೂ ಉದ್ದ ರಾತ್ರಿಯ ಕತ್ತಲು ಕೊಡಲು ಶುರು ಮಾಡಿದ ಮೇಲೆ ಹೂವಾಗಲು ಎಷ್ಟು ವಾರ ಎಂದು ಬರೆದುಕೊಳ್ಳಿ. ಸೇವಂತಿಗೆ ಹಗಲು ಗಿಡ್ಡವಾದಾಗ ಮೊಗ್ಗು ಬಿಡುವ ಗಿಡ. ಬೆಂಗಳೂರಿನಲ್ಲಿ ಜೂನ್‌ನ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟದು, ಹಾಗಾಗಿ ಗಿಡ ಎತ್ತರ ಬರುವ ಮೊದಲೇ ಮೊಗ್ಗು ಕಟ್ಟುತ್ತದೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಸೇವಂತಿಗೆ ಹೊಲದಲ್ಲಿ ಬಲ್ಬು ಉರಿಯುವುದು ಇದನ್ನು ತಡೆಯಲಿಕ್ಕೆ. ಕುಡಿ ಬೇರು ಬಿಡಲು ಸುಮಾರು 2 ವಾರ, ಬಲ್ಬಿನಡಿ 3 ವಾರ, ಬಲ್ಬು ಆರಿಸಿ ರಾತ್ರಿ ಕತ್ತಲು ಬಿಟ್ಟ ಮೇಲೆ 8 ವಾರ. ಆಯುಧ ಪೂಜೆಗೆ ಇಂಥದ್ದೇ ಹೂ ಬೇಕೆಂದರೆ ಬೆಳೆಗಾರರಿಗೆ 13 ವಾರ ಮೊದಲೇ ಹೇಳಿರಬೇಕು. ಹಿಂದಿನ ವಾರ ಫೋನ್ ಮಾಡಿದರೆ ಮಾರ್ಕೆಟ್ಟಿನಲ್ಲಿ ಇದ್ದದ್ದೇ ಗತಿ.