ಸುಳ್ಳು ಹಿಡಿಯೋಕೂ ಲೈಸೆನ್ಸ್ ಬೇಕಾ?

[ದೃಶ್ಯ: ಖಾಲಿ ಕುರ್ಚಿ. ಅದರ ತೋಳಿನ ಮೇಲೆ ಬಿಪಿ ಪಟ್ಟಿ, ವೈರುಗಳು.]

ನಮಸ್ಕಾರ. ಈ ಕುರ್ಚಿಯಲ್ಲಿ ನೀವು ಕೂತಿದ್ದೀರಿ ಅಂದುಕೊಳ್ಳಿ. ಎದೆಗೊಂದು, ಹೊಟ್ಟೆಗೊಂದು ಬೆಲ್ಟು. ಬೆರಳಿಗೆ ಕ್ಲಿಪ್ಪು. ಎದುರಿಗಿದ್ದವರು ಮೆಲ್ಲಗೆ ಕೇಳುತ್ತಾರೆ: "ಗಲ್ಲಾಪೆಟ್ಟಿಗೆಯ ದುಡ್ಡು ತೆಗೆದದ್ದು ನೀವೇನಾ?"

ನೀವು ತೆಗೆದಿಲ್ಲ. ಆದರೂ ಎದೆ ಡವಡವ ಅನ್ನುತ್ತದೆ, ಅಲ್ವಾ?

ಪಾಲಿಗ್ರಾಫ್, ಅಂದರೆ ಸುಳ್ಳು ಪತ್ತೆ ಯಂತ್ರ, ನೋಡುವುದು ಇದನ್ನೇ. ಉಸಿರು, ಬೆವರು, ನಾಡಿ. ಸುಳ್ಳಿಗೆ ಅಂತ ಅದರಲ್ಲಿ ಬೇರೆ ಗೆರೆ ಇಲ್ಲ. ಗೆರೆಗಳನ್ನು ನೋಡಿ "ಇವನು ಸುಳ್ಳು ಹೇಳಿದ" ಅನ್ನುವುದು ಎದುರಿಗೆ ಕೂತ ಮನುಷ್ಯ. ಆತನಿಗೆ ಆ ಕೆಲಸ ಮಾಡಲು ಒಪ್ಪಿಗೆ ಕೊಟ್ಟವರು ಯಾರು?

[ದೃಶ್ಯ: ಅಮೆರಿಕದ ನಕ್ಷೆ.]

ಈ ಯಂತ್ರ ಜಾಸ್ತಿ ಓಡುವುದು ಅಮೆರಿಕದಲ್ಲಿ. ಅಲ್ಲಿ ಉತ್ತರ ರಾಜ್ಯಕ್ಕೊಂದು. 1960ರ ದಶಕದಲ್ಲಿ ಕೆಂಟಕಿ, ಇಲಿನಾಯ್ಸ್ ತರಹದ ರಾಜ್ಯಗಳು ಪರೀಕ್ಷಕರಿಗೆ ಲೈಸೆನ್ಸ್ ಕಡ್ಡಾಯ ಮಾಡಿದವು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ದೊಡ್ಡ ರಾಜ್ಯಗಳಲ್ಲಿ ಇವತ್ತು ಅಂಥ ಲೈಸೆನ್ಸೇ ಇಲ್ಲ. ಅಂದರೆ ಗಡಿ ದಾಟಿದರೆ ನಿಯಮವೇ ಬೇರೆ.

ಲೈಸೆನ್ಸ್ ಕೇಳುವ ಕಡೆ ಸಾಮಾನ್ಯವಾಗಿ ಏನು ಬೇಕು? ಡಿಗ್ರಿ, ಇಲ್ಲವೇ ತನಿಖೆಯ ಅನುಭವ. ಮಾನ್ಯತೆ ಇರುವ ಪಾಲಿಗ್ರಾಫ್ ಶಾಲೆಯ ತರಬೇತಿ. ಆಮೇಲೆ ಲೈಸೆನ್ಸ್ ಇರುವ ಹಿರಿಯರ ಕೈಕೆಳಗೆ ಕೆಲವು ತಿಂಗಳು ಕಲಿಯಬೇಕು. ಕೊನೆಗೆ ಪರೀಕ್ಷೆ. ಕ್ರಿಮಿನಲ್ ಹಿನ್ನೆಲೆ ಇದ್ದರೆ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ನಮ್ಮಲ್ಲಿ ಡ್ರೈವಿಂಗ್ ಲೈಸೆನ್ಸಿಗೆ ಎಂಟು ಹಾಕಿದ ಹಾಗಲ್ಲ, ಸ್ವಲ್ಪ ಉದ್ದದ ದಾರಿ. ಅಮೆರಿಕದ ಕೇಂದ್ರ ಸರ್ಕಾರದ ಪರೀಕ್ಷಕರ ದಾರಿ ಬೇರೆ. ಅವರಿಗೆ ಸೌತ್ ಕ್ಯಾರೊಲಿನಾದ ಫೋರ್ಟ್ ಜಾಕ್ಸನ್‌ನಲ್ಲಿ ಸರ್ಕಾರದ್ದೇ ಶಾಲೆ ಇದೆ.

ಈಗ ತಮಾಷೆ ನೋಡಿ. ರಾಜ್ಯ ಲೈಸೆನ್ಸ್ ಕೊಡುತ್ತದೆ, ಆದರೆ ಕೋರ್ಟು ಆ ಫಲಿತಾಂಶವನ್ನು ನಂಬುವುದು ಅಪರೂಪ. 1923ರಲ್ಲೇ ವಾಷಿಂಗ್ಟನ್‌ನ ಕೋರ್ಟೊಂದು ಫ್ರೈ ಪ್ರಕರಣದಲ್ಲಿ ಇಂಥ ಪರೀಕ್ಷೆಯನ್ನು ಬದಿಗೆ ಸರಿಸಿತ್ತು. 1998ರಲ್ಲಿ ಷೆಫರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಇದನ್ನು ಎಷ್ಟು ನಂಬಬಹುದು ಅನ್ನುವುದರಲ್ಲಿ ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ ಅಂದಿತು. ಹಾಗಾಗಿ ಗೋಡೆಗೆ ತೂಗಿದ ಲೈಸೆನ್ಸ್ ನೋಡಿ ಯಂತ್ರವೇ ಗಟ್ಟಿ ಅಂದುಕೊಳ್ಳಬೇಡಿ.

ನ್ಯೂ ಮೆಕ್ಸಿಕೋ ಮಾತ್ರ ಬೇರೆ ಹಾದಿ ಹಿಡಿದಿದೆ. ಅಲ್ಲಿ ಷರತ್ತುಗಳಿಗೆ ಒಳಪಟ್ಟು ಫಲಿತಾಂಶ ಕೋರ್ಟಿಗೂ ಬರಬಹುದು. ಆಗ ಬರೀ ಲೈಸೆನ್ಸ್ ಸಾಲದು. ಪರೀಕ್ಷಕನಿಗೆ 5 ವರ್ಷದ ಅನುಭವ ಅಥವಾ ಅದಕ್ಕೆ ಸಮನಾದ ಓದು ಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 20 ಗಂಟೆ ಹೊಸ ತರಬೇತಿ. ಇಡೀ ಪರೀಕ್ಷೆ ರೆಕಾರ್ಡ್ ಆಗಿರಬೇಕು.

[ದೃಶ್ಯ: ಗಡಿಯಾರ. ಮುಳ್ಳು ಒಂದೂವರೆ ಗಂಟೆ ಮುಂದಕ್ಕೆ.]

ನನಗೆ ಹಿಡಿಸಿದ್ದು ಅಮೆರಿಕದ 1988ರ ಕೇಂದ್ರ ಕಾನೂನು, ಎಂಪ್ಲಾಯೀ ಪಾಲಿಗ್ರಾಫ್ ಪ್ರೊಟೆಕ್ಷನ್ ಆಕ್ಟ್. ಖಾಸಗಿ ಕಂಪನಿಗಳು ನೌಕರರನ್ನು ಈ ಕುರ್ಚಿಯಲ್ಲಿ ಕೂರಿಸುವುದನ್ನು ಅದು ಬಹುಪಾಲು ನಿಲ್ಲಿಸಿತು. ಕಳ್ಳತನದ ತನಿಖೆಯಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಆಗಲೂ ಪರೀಕ್ಷಕನ ಕೈ ಕಟ್ಟಿಹಾಕಿದೆ. ಆ ರಾಜ್ಯ ಲೈಸೆನ್ಸ್ ಕೇಳುವುದಾದರೆ ಅದು ಇರಲೇಬೇಕು. ಕನಿಷ್ಠ 50,000 ಡಾಲರ್ ಬಾಂಡ್ (ತಪ್ಪಾದರೆ ಹಣ ಕಟ್ಟಿಕೊಡುವ ಖಾತರಿ) ಅಥವಾ ಅಷ್ಟೇ ಮೊತ್ತದ ವಿಮೆ ಬೇಕು. ಒಂದು ಪರೀಕ್ಷೆ 90 ನಿಮಿಷಕ್ಕಿಂತ ಕಡಿಮೆ ಇರುವಂತಿಲ್ಲ. ದಿನಕ್ಕೆ 5ಕ್ಕಿಂತ ಹೆಚ್ಚು ಪರೀಕ್ಷೆ ಮಾಡುವಂತಿಲ್ಲ. ಗೂಡಂಗಡಿಯಲ್ಲಿ ಚಹಾ ಹಂಚಿದಂತೆ ಸಾಲಾಗಿ ಮುಗಿಸಿಬಿಡುವ ಕೆಲಸ ಅಲ್ಲ ಇದು. ಧರ್ಮ, ರಾಜಕೀಯ, ಕಾರ್ಮಿಕ ಸಂಘ, ಇವುಗಳ ಬಗ್ಗೆ ಏನು ನಂಬುತ್ತೀರಿ ಅಂತ ಕೇಳುವಂತಿಲ್ಲ. ಪರೀಕ್ಷೆಯ ನಡುವೆಯೇ "ಸಾಕು" ಅಂತ ನೀವು ಎದ್ದುಬಿಡಬಹುದು.

ಲೈಸೆನ್ಸ್ ಸುಳ್ಳನ್ನು ಹಿಡಿಯುವುದಿಲ್ಲ. ಆದರೆ ಕುರ್ಚಿಯಲ್ಲಿ ಕೂತವನಿಗೆ ಅನ್ಯಾಯ ಆದರೆ ಯಾರ ಕೊರಳಪಟ್ಟಿ ಹಿಡಿಯಬೇಕು ಅನ್ನುವುದಾದರೂ ಗೊತ್ತಾಗುತ್ತದೆ.

[ದೃಶ್ಯ: ದೆಹಲಿಯ ಸುಪ್ರೀಂ ಕೋರ್ಟ್ ಕಟ್ಟಡ.]

ನಮ್ಮ ದೇಶದಲ್ಲಿ? ಪೊಲೀಸ್ ಕೇಸುಗಳಲ್ಲಿ ಇದನ್ನು ಮಾಡುವುದು ಹೆಚ್ಚಾಗಿ ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯಗಳ ತಜ್ಞರು. ಅಮೆರಿಕದ ತರಹ ರಾಜ್ಯ ಲೈಸೆನ್ಸಿನ ವ್ಯವಸ್ಥೆ ಇಲ್ಲಿಲ್ಲ. ಇಲ್ಲಿ ದೊಡ್ಡ ಜಗಳ ನಡೆದದ್ದು ಒಪ್ಪಿಗೆಯ ಬಗ್ಗೆ, ಅದೂ ಕರ್ನಾಟಕದ ಹೆಸರಿರುವ ಕೇಸಿನಲ್ಲಿ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. 2010ರ ಮೇ 5ರಂದು ಸುಪ್ರೀಂ ಕೋರ್ಟು ಹೇಳಿತು: ಒಪ್ಪಿಗೆ ಇಲ್ಲದೆ ಯಾರಿಗೂ ಪಾಲಿಗ್ರಾಫ್, ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್ (ಮಿದುಳಿನ ಅಲೆಗಳನ್ನು ನೋಡುವ ಪರೀಕ್ಷೆ) ಮಾಡುವಂತಿಲ್ಲ. ಆರೋಪಿಗೆ ವಕೀಲರ ನೆರವು ಸಿಗಬೇಕು. ಪೊಲೀಸರ ಮುಂದೆ "ಹೂಂ" ಅಂದರೆ ಅದು ಒಪ್ಪಿಗೆ ಆಗುವುದಿಲ್ಲ, ಮ್ಯಾಜಿಸ್ಟ್ರೇಟ್ ಮುಂದೆ ದಾಖಲಾಗಬೇಕು.

ಮಂಪರು ಪರೀಕ್ಷೆಯದ್ದು ಇನ್ನೂ ದೊಡ್ಡ ಕಥೆ. ಅದಕ್ಕೆ ಬೇರೆ ವಿಡಿಯೋನೇ ಬೇಕು.

[ದೃಶ್ಯ: ಮತ್ತೆ ಅದೇ ಖಾಲಿ ಕುರ್ಚಿ. ಪಟ್ಟಿಗಳು ಬಿಚ್ಚಿ ನೇತಾಡುತ್ತಿವೆ.]