ಚೊಚ್ಚಲ ಹೇಂಟೆಯ ವಿಚಿತ್ರ ಮೊಟ್ಟೆಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಫಿ ಕೊಯ್ಲಿನ ಗಡಿಬಿಡಿಯ ನಡುವೆ, ಜನವರಿಯ ಆಸುಪಾಸಿನಲ್ಲಿ, ನಮ್ಮ ಕೊಡಗಿನ ಹಿತ್ತಿಲುಗಳಲ್ಲಿ ಮೊಟ್ಟೆಯೊಡೆದು ಬಂದ ನಾಟಿಕೋಳಿ ಮರಿಗಳು ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆ ಹಿಡಿಯುವ ಹೊತ್ತಿಗೆ ಮೈತುಂಬಿಕೊಂಡು, ಜುಟ್ಟು ಕೆಂಪಾಗಿ, ಸೌದೆ ಕೊಟ್ಟಿಗೆಯ ಮೂಲೆ, ಗೋಣಿಚೀಲಗಳ ಸಂದು ಎಂದು ಮೊಟ್ಟೆಯಿಡಲು ಜಾಗ ಹುಡುಕತೊಡಗುತ್ತವೆ. ಆಗ ಸಿಗುವ ಮೊದಮೊದಲ ಮೊಟ್ಟೆಗಳನ್ನು ಕಂಡು ಗಾಬರಿಯಾಗುವವರು ಬಹಳ. ಒಂದು ನೆಲ್ಲಿಕಾಯಿಗಿಂತ ತುಸು ದೊಡ್ಡದಿದ್ದರೆ ಇನ್ನೊಂದು ಬಾತುಕೋಳಿಯ ಮೊಟ್ಟೆಯಷ್ಟಿರುತ್ತದೆ. ಮತ್ತೊಂದು ಚಿಪ್ಪೇ ಇಲ್ಲದೆ, ನೀರು ತುಂಬಿದ ತೊಗಲಿನ ಚೀಲದಂತೆ ಕೈಯಲ್ಲಿ ಬಳುಕುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಕೆಲಸಗಾರರಿರುವ ಲೈನ್‌ಮನೆಯ ಅಜ್ಜಿಯೊಬ್ಬರು ಅಂಥದೊಂದು ತೊಗಲು ಮೊಟ್ಟೆಯನ್ನು ಕೆಸುವಿನೆಲೆಯ ಮೇಲಿಟ್ಟುಕೊಂಡು ಬಂದು, "ಅಯ್ಯಾ, ಕೋಳಿಗೆ ಯಾರದೋ ಕಣ್ಣು ಬಿದ್ದಿದೆ, ಸಾರಿಗೆ ಹಾಕಿಬಿಡಲಾ?" ಎಂದು ಕೇಳಿದರು. ಇನ್ನು ಹದಿನೈದು ದಿನ ತಡೆಯಿರಿ ಎಂದೆ. ಅಜ್ಜಿ ತಡೆದರು, ಕೋಳಿಯೂ ಉಳಿಯಿತು. ಇಂದಿನ ನನ್ನ ಮಾತು ಆ ಹದಿನೈದು ದಿನ ಏಕೆ ತಡೆಯಬೇಕು ಎಂಬುದನ್ನು ಕುರಿತದ್ದು.

ಒಂದು ಮೊಟ್ಟೆ ಕೋಳಿಯ ಹೊಟ್ಟೆಯಲ್ಲಿ ರೂಪುಗೊಳ್ಳಲು ಸುಮಾರು 25 ಗಂಟೆ ಬೇಕು. ಅಂಡಾಶಯದಿಂದ ಕಳಚಿಕೊಂಡ ಹಳದಿಯನ್ನು ಆಲಿಕೆಯಂತೆ ಬಾಯ್ದೆರೆದಿರುವ ಅಂಡನಾಳ ಹಿಡಿದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಸುಮಾರು 3 ಗಂಟೆಗಳಲ್ಲಿ ಅದಕ್ಕೆ ಬಿಳಿಲೋಳೆ ಸುತ್ತಿಕೊಂಡು, ಮತ್ತೊಂದು ಗಂಟೆಗೂ ತುಸು ಹೆಚ್ಚು ಹೊತ್ತಿನಲ್ಲಿ ಎರಡು ತೆಳುಪೊರೆಗಳು ಮೂಡಿ, ಉಳಿದ ಸುಮಾರು 20 ಗಂಟೆಯೂ ಚಿಪ್ಪು ಕಟ್ಟುವುದರಲ್ಲೇ ಕಳೆಯುತ್ತದೆ. ಹಳದಿ ಕಳಚುವ ಹೊತ್ತು, ನಾಳ ಅದನ್ನು ಮುಂದಕ್ಕೆ ತಳ್ಳುವ ವೇಗ, ಚಿಪ್ಪಿನ ಗ್ರಂಥಿ ಸುಣ್ಣ ಸುರಿಸುವ ಪ್ರಮಾಣ, ಇವು ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರವನ್ನು ಹೊಸದಾಗಿ ಜೋಡಿಸಿದಾಗ ಮೊದಲ ದಿನ ಕೆಲವು ಕಾಫಿ ಹಣ್ಣು ಸಿಪ್ಪೆ ಸಮೇತ ಹೊರಬಿದ್ದು, ಕೆಲವು ಬೀಜ ನುಜ್ಜಾಗುವುದನ್ನು ತಾವು ನೋಡಿರುತ್ತೀರಿ. ಚೊಚ್ಚಲ ಹೇಂಟೆಯ ಒಳಗೂ ಅಂಥದೇ ಹೊಂದಾಣಿಕೆ ನಡೆದಿರುತ್ತದೆ. ಅದಕ್ಕೇ ಅಜ್ಜಿಗೆ ಹದಿನೈದು ದಿನ ತಡೆಯಲು ಹೇಳಿದ್ದು.

ಎರಡು ಹಳದಿಗಳು ಹೆಚ್ಚು ಅಂತರವಿಲ್ಲದೆ ಕಳಚಿ ಒಟ್ಟಿಗೆ ನಾಳಕ್ಕಿಳಿದರೆ ಒಂದೇ ಚಿಪ್ಪಿನೊಳಗೆ ಜೋಡಿ ಹಳದಿ ಸೇರುತ್ತದೆ. ತಿನ್ನಲು ಅದು ಸೊಗಸೇ. ಆದರೆ ಕಾವಿಗಿಟ್ಟರೆ ಮರಿಯಾಗುವುದು ಬಹಳ ಅಪರೂಪ, ಆದ್ದರಿಂದ ಕಾವಿಗೆ ಕೂರಿಸುವಾಗ ಅತಿ ದೊಡ್ಡ ಮೊಟ್ಟೆಗಳನ್ನು ತೆಗೆದಿಡಬೇಕು. ಹಳದಿಯ ಬದಲು ಒಳಪದರದ ಸಣ್ಣ ಚೂರೊಂದು ನಾಳಕ್ಕೆ ಜಾರಿದರೂ ನಾಳ ಅದನ್ನೇ ಹಳದಿಯೆಂದು ತಿಳಿದು ಲೋಳೆ ಸುತ್ತಿ, ಚಿಪ್ಪು ಹೊದಿಸಿ ಕಳುಹಿಸುತ್ತದೆ. ಗೋಲಿಯಷ್ಟಿರುವ, ಒಡೆದರೆ ಬರೀ ಬಿಳಿಯೇ ಇರುವ ಮೊಟ್ಟೆ ಹುಟ್ಟುವುದು ಹೀಗೆ. ಯುರೋಪಿನಲ್ಲಿ ಹಿಂದೆ ಇದನ್ನು ಹುಂಜದ ಮೊಟ್ಟೆ ಎಂದು ನಂಬಿ, ಅದರಿಂದ ವಿಷಸರ್ಪ ಹುಟ್ಟೀತೆಂದು ಹೆದರುತ್ತಿದ್ದರು. ಬಾಸೆಲ್ ನಗರದಲ್ಲಿ 1474ರಲ್ಲಿ ಮೊಟ್ಟೆಯಿಟ್ಟಿತೆಂಬ ಆರೋಪದ ಮೇಲೆ ಹುಂಜವೊಂದನ್ನು ವಿಚಾರಣೆ ನಡೆಸಿ ಸುಟ್ಟರಂತೆ. ಅವರ ಮುಂದೆ ನಮ್ಮ ಅಜ್ಜಿಯ ಸಾರಿನ ಯೋಚನೆಯೇ ಎಷ್ಟೋ ವಾಸಿ!

ಚಿಪ್ಪಿನ ಮೇಲೆ ಕಾಣುವ ರಕ್ತದ ಗೆರೆ, ಇನ್ನೂ ಹಿಗ್ಗಿ ಅಭ್ಯಾಸವಾಗದ ದಾರಿಯಲ್ಲಿ ಆದ ಸಣ್ಣ ತರಚಿನದು. ಅದು ತಾನಾಗಿ ವಾಸಿಯಾಗುತ್ತದೆ. ಒಳಗೆ ಕಾಣುವ ರಕ್ತದ ಚುಕ್ಕೆ ಹಳದಿ ಕಳಚುವಾಗ ಒಡೆದ ಸಣ್ಣ ರಕ್ತನಾಳದ್ದೇ ಹೊರತು, ಮರಿ ಮೂಡಿದ ಗುರುತಲ್ಲ. ಬೇಯಿಸಿ ತಿನ್ನಲು ಅಡ್ಡಿಯಿಲ್ಲ.

ತೊಗಲು ಮೊಟ್ಟೆಯ ವಿಷಯದಲ್ಲಿ ಮಾತ್ರ ನಮ್ಮ ಜಿಲ್ಲೆಯವರು ವಯಸ್ಸನ್ನಷ್ಟೇ ದೂರಿ ಸುಮ್ಮನಾಗಬಾರದು ಎಂಬುದು ನನ್ನ ಅಭಿಪ್ರಾಯ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಬೇಕು. ನಮ್ಮದು ಮಳೆಗೆ ಸುಣ್ಣದ ಅಂಶ ತೊಳೆದುಹೋಗುವ ಹುಳಿ ಮಣ್ಣು. ಇದನ್ನು ಬಲ್ಲ ನಾವು ಕಾಫಿ ತೋಟಕ್ಕೆ ತಪ್ಪದೆ ಸುಣ್ಣ ಹಾಕುತ್ತೇವೆ, ಅದೇ ತೋಟದಲ್ಲಿ ಕೆದಕಿ ತಿನ್ನುವ ಕೋಳಿಯನ್ನು ಮಾತ್ರ ಮರೆಯುತ್ತೇವೆ. ಅದಕ್ಕೆ ಸಿಗುವುದು ಹೆಚ್ಚಾಗಿ ಉಳಿದ ಅನ್ನ, ನುಚ್ಚು, ತೌಡು. ಇವುಗಳಲ್ಲಿ ಸುಣ್ಣದ ಅಂಶ ತೀರ ಕಡಿಮೆ. ಜೊತೆಗೆ ವಾರಗಟ್ಟಲೆ ಬಿಸಿಲು ಕಾಣದಿದ್ದರೆ, ತಿಂದ ಸುಣ್ಣವನ್ನು ಮೈಗೂಡಿಸಿಕೊಳ್ಳಲು ಬೇಕಾದ ಡಿ ಜೀವಸತ್ವವೂ ಕಡಿಮೆಯಾಗುತ್ತದೆ. ಮೊಟ್ಟೆ ಚಿಪ್ಪುಗಳನ್ನು ಬಾಣಲೆಯಲ್ಲಿ ಚೆನ್ನಾಗಿ ಬಿಸಿಮಾಡಿ, ಮೊಟ್ಟೆಯ ಗುರುತು ಸಿಗದಂತೆ ಪುಡಿಗುಟ್ಟಿ, ಬೇರೆ ಬಟ್ಟಲಿನಲ್ಲಿ ಇಡಿ. ಮೇವಿಗೆ ಬೆರೆಸಬೇಡಿ, ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಚಿಪ್ಪು ಕಟ್ಟುವ ಕೆಲಸ ಬಹುಪಾಲು ರಾತ್ರಿಯೇ ನಡೆಯುವುದರಿಂದ ಸಂಜೆ ಇಟ್ಟರೆ ಒಳ್ಳೆಯದು. ತೋಟದ ಸುಣ್ಣವನ್ನು ಕೋಳಿಗೆ ಹಾಕಬಾರದು. ಇನ್ನೂ ಮೊಟ್ಟೆಗೆ ಬಾರದ ಮರಿಗಳಿಗೂ ಸುಣ್ಣ ಹೆಚ್ಚಿರುವ ಮೇವು ಸಲ್ಲದು, ಅವುಗಳ ಮೂತ್ರಪಿಂಡ ಕೆಡುತ್ತದೆ.

ಇನ್ನೊಂದು ಮಾತು, ಬೇಗ ಮೊಟ್ಟೆ ಬರಲೆಂದು ಗೂಡಿನಲ್ಲಿ ಬಲ್ಬು ಉರಿಸುವವರಿಗೆ. ನಮ್ಮಲ್ಲಿ ಅತಿ ದೀರ್ಘ ಹಗಲೂ 13 ಗಂಟೆಗೆ ತುಸು ಕಡಿಮೆಯೇ. ದೊಡ್ಡ ಫಾರಂಗಳವರು ದೀಪದಿಂದ ಅದನ್ನು 16 ಗಂಟೆಯವರೆಗೆ ಏರಿಸುವುದುಂಟು. ಆದರೆ ಮೈ ಬಲಿಯುವ ಮುನ್ನ ಅವಸರದಿಂದ ಬೆಳಕು ಹೆಚ್ಚಿಸಿದರೆ ಜೋಡಿ ಹಳದಿಯ ಮೊಟ್ಟೆಗಳೂ, ಅವನ್ನು ಇಡಲು ತಿಣುಕಿ ಗುದ ಹೊರಬರುವ ತೊಂದರೆಯೂ ಹೆಚ್ಚುತ್ತವೆ.

ಹೇಂಟೆ ಬಾಲ ಇಳಿಬಿಟ್ಟು, ಮುದುಡಿ ಕುಳಿತು ಮತ್ತೆ ಮತ್ತೆ ತಿಣುಕುತ್ತಿದ್ದರೆ ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಅಂದೇ ಪಶುವೈದ್ಯರಿಗೆ ತೋರಿಸಬೇಕು. ಒಂದೆರಡು ತಿಂಗಳಾದರೂ ವಿಚಿತ್ರ ಮೊಟ್ಟೆ ನಿಲ್ಲದಿದ್ದರೆ, ಅಥವಾ ಗೂಡಿನ ಹಲವು ಕೋಳಿಗಳು ಒಮ್ಮೆಗೇ ಸುಕ್ಕುಗಟ್ಟಿದ ಚಿಪ್ಪಿನ, ನೀರಾದ ಬಿಳಿಲೋಳೆಯ ಮೊಟ್ಟೆಯಿಡುತ್ತಾ ಸೀನು, ಗೊರಗೊರ ಉಸಿರು ತೋರಿಸಿದರೆ ಅದು ಚೊಚ್ಚಲತನವಲ್ಲ. ಕೊಕ್ಕರೆ ರೋಗ (ರಾಣಿಖೇತ್) ಅಥವಾ ಕೋಳಿಗಳ ಉಸಿರಾಟದ ಸೋಂಕಾದ ಸಾಂಕ್ರಾಮಿಕ ಬ್ರಾಂಕೈಟಿಸ್ ಇರಬಹುದು. ಆಸ್ಪತ್ರೆಗೆ ಹೋಗುವಾಗ ಅಂಥ ಮೊಟ್ಟೆಗಳನ್ನೂ ಒಂದು ಡಬ್ಬಿಯಲ್ಲಿ ಹೊಟ್ಟು ಹಾಸಿ ಜೋಪಾನವಾಗಿ ಕೊಂಡೊಯ್ಯಿರಿ. ನಮಸ್ಕಾರ.